ಹಳೆಯ ಗಾಡಿಗಳ ಒಡನೆ ಒಂದು ವರುಷ

ಆನೆ ಇದ್ದರೂ ಸಾವಿರ ವರಹ, ಸತ್ತರೂ ಸಾವಿರ ವರಹ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಳೆಯ ಮೋಟಾರುಗಾಡಿಯ ಮಾತು ಇದಕ್ಕೆ ತೀರ ವಿರುದ್ಧವಾದುದು: ಇದ್ದರೆ ಖರ್ಚು, ಹೋದರೆ ಹಳೆಯ ಕಬ್ಬಿಣದ ಬೆಲೆ. ಮೈಸೂರಿನ ನಮ್ಮ ಮನೆಯ ಹಿತ್ತಿಲಿನ ಕೊಟ್ಟಿಗೆಯಲ್ಲಿ ೧೯೬೬ನೆಯ ಇಸವಿಯ ಫಿಯಟ್ ೧೧೦೦ ಗಾಡಿಯೊಂದು ನಿಂತಿದ್ದಿತು. ತಂದೆಯವರು ಅದನ್ನು ೧೯೭೪ರಲ್ಲಿ ಬೇರೊಬ್ಬರಿಂದ ಕೊಂಡು ತಂದಿದ್ದರು. ನಮ್ಮ ಮದುವೆಯ ದಿಬ್ಬಣ, ಮಗಳ ನಾಮಕರಣ, ಆಸ್ಪತ್ರೆಗೆ ಓಡಿದ ರಾತ್ರಿಗಳು, ಎಲ್ಲಕ್ಕೂ ಅದೇ ವಾಹನ. ೨೦೨೧ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಅದರ ಬಾಗಿಲನ್ನು ತೆರೆದವರಿಲ್ಲ. ಚಕ್ರಗಳ ಗಾಳಿ ಇಳಿಯಿತು. ಹಿಂದಿನ ಆಸನದಲ್ಲಿ ಇಲಿಗಳು ಸಂಸಾರ ಹೂಡಿದವು.

೨೦೨೩ರ ಕೊನೆಯಲ್ಲಿ ಹಳೆಯ ಸಾಮಾನು ಕೊಳ್ಳುವವನೊಬ್ಬನು ಬಂದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೂಕದ ಮೇಲೆ ಬೆಲೆ ಹೇಳಿದನು. ಬೇಡವೆನ್ನಲು ನಮ್ಮಲ್ಲಿ ಕಾರಣವಿರಲಿಲ್ಲ. ತಂದೆಯವರು ಕೊನೆಯ ಬಾರಿ ನವೀಕರಿಸಿದ್ದ ನೋಂದಣಿಯ ಅವಧಿಯೂ ಮುಂದಿನ ವರುಷದ ಕೊನೆಗೆ ಮುಗಿಯತಕ್ಕದ್ದಾಗಿತ್ತು. ನಮ್ಮ ತಾಯಿಯವರನ್ನು ಕೇಳಿದೆವು. ಅವರು ಹೂ ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸದೆ, "ಕಾಗದ ಇರುವವರೆಗೆ ಇರಲಿ, ಆಮೇಲೆ ನಿಮ್ಮ ಇಷ್ಟ" ಎಂದರು. ಹೀಗೆ ಗಾಡಿಗೆ ಒಂದು ವರುಷದ ಆಯುಸ್ಸು ದೊರೆಯಿತು.

ನೆರೆಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರದೊಂದು ಮಾರಿಸ್ ಮೈನರ್ ಗಾಡಿ. ಊರಿನ ಹಳೆಯ ಮೋಟಾರುಗಾಡಿಗಳ ಕೂಟಕ್ಕೆ ಸೇರಿದವರು. "ಮಾರುವ ಮೊದಲು ಒಂದು ಭಾನುವಾರ ನಮ್ಮ ಜೊತೆ ಬನ್ನಿ" ಎಂದು ಕರೆದರು. ೨೦೨೪ರ ಸಂಕ್ರಾಂತಿಯ ಹಿಂದಿನ ದಿನ ಬೆಳಗ್ಗೆ ಅವರ ಗಾಡಿಯಲ್ಲಿಯೇ ಕುಳಿತು ಲಲಿತಮಹಲಿನ ಕಡೆಗೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕಾಗಿ ಕಟ್ಟಿಸಿದ ಆ ಬಿಳಿಯ ಅರಮನೆಯ ಗುಮ್ಮಟವು ಮಂಜಿನಿಂದ ಆಗತಾನೆ ಹೊರಬರುತ್ತಿದ್ದಿತು. ಹತ್ತಿರದ ಬಯಲಿನಲ್ಲಿ ಇಪ್ಪತ್ತಕ್ಕೆ ಮೀರಿದ ಗಾಡಿಗಳು. ೧೯೩೦ರ ದಶಕದ ಪುಟ್ಟ ಆಸ್ಟಿನ್ ಸೆವೆನ್, ಯುದ್ಧಕಾಲದ ವಿಲ್ಲಿಸ್ ಜೀಪು, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತು ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರಿನ ಹಿರಿಯ ತಲೆಗಳು ಎರಡು ಮೂರು. ಒಡೆಯರೆಲ್ಲ ದೊಡ್ಡ ಸಾಹುಕಾರರಿರಬೇಕೆಂದು ಎಣಿಸಿ ಹೋದ ನಮಗೆ ಅಲ್ಲಿ ಬ್ಯಾಂಕಿನ ಗುಮಾಸ್ತರೂ, ಬೇಕರಿ ಇಟ್ಟವರೂ, ಹೆರಿಗೆಯ ವೈದ್ಯೆಯೊಬ್ಬರೂ ಕಂಡರು. ಗಾಡಿ ಇಲ್ಲದವರೂ ಬರಬಹುದು. ಆದರೆ ಪ್ರತಿಯೊಂದು ಮನೆಯವರೂ ಒಂದು ತಿಂಡಿಯನ್ನು ತರತಕ್ಕದ್ದು. ಹೆಂಗಸರು ಎಳ್ಳು ಬೆಲ್ಲ ಹಂಚಿದರು. ಗಂಡಸರು ಒಬ್ಬರ ಗಾಡಿಯ ಮುಚ್ಚಳದೊಳಗೆ ಇನ್ನೊಬ್ಬರು ತಲೆ ತೂರಿಸಿ ನಿಂತರು. ಹತ್ತು ಗಂಟೆಗೆ ಎಲ್ಲರೂ ಮನೆಗೆ.

ಹಿಂದಿರುಗುವಾಗ ಉಪಾಧ್ಯಾಯರು ನಮ್ಮನ್ನು ಮಂಡಿ ಮೊಹಲ್ಲಾದ ಒಂದು ಓಣಿಗೆ ಕರೆದೊಯ್ದರು. ಅಲ್ಲಿ ಎಂಬತ್ತರ ಗಡಿಯಲ್ಲಿದ್ದ ಮುದುಕರೊಬ್ಬರು ಮಿಸ್ತ್ರಿ. ಕೂಟದವರು ಅವರನ್ನು ಸಾಹೇಬರೆಂದೇ ಕರೆಯುವರು. ಸಾಹೇಬರು ನಮ್ಮ ಕೊಟ್ಟಿಗೆಗೆ ಬಂದರು. ಬ್ಯಾಟರಿ ತಂದು ಕೀಲಿ ತಿರುಗಿಸಹೊರಟ ನಮ್ಮ ಕೈಯನ್ನು ಹಿಡಿದು ನಿಲ್ಲಿಸಿದರು. ಮೂರು ವರುಷ ಒಣಗಿದ ಯಂತ್ರವನ್ನು ಹಾಗೆ ಎಬ್ಬಿಸಿದರೆ ಒಳಗಿನ ಕೊಳವೆಗಳು ಗೀರಿಹೋಗುವುವಂತೆ. ನಾಲ್ಕು ಕಿಡಿಕಡ್ಡಿಗಳನ್ನು ಕಳಚಿ, ರಂಧ್ರಗಳಲ್ಲಿ ಒಂದೊಂದು ಚಮಚ ಎಣ್ಣೆ ಬಿಟ್ಟು, ಎರಡು ರಾತ್ರಿ ನೆನೆಯಲು ಬಿಟ್ಟು, ಮೂರನೆಯ ದಿನ ಕೈಹಿಡಿಯಿಂದ ಮೆಲ್ಲನೆ ತಿರುಗಿಸಿದರು. ಬಿರಿಕಿನ ರಬ್ಬರುಗಳೆಲ್ಲ ಅಂಟಿಕೊಂಡು ಕೆಟ್ಟಿದ್ದವು. ಪೆಟ್ರೋಲಿನ ರಬ್ಬರು ಕೊಳವೆಗಳೂ ಹೊಸದಾಗಬೇಕೆಂದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ೨೦ರವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ಕಾಲದ ರಬ್ಬರು ಅದನ್ನು ತಡೆಯಲಾರದು. ಅದು ನೀರನ್ನು ಸೆಳೆದುಕೊಳ್ಳುವುದರಿಂದ ನಿಂತ ಗಾಡಿಯ ತೊಟ್ಟಿ ಒಳಗೊಳಗೇ ತುಕ್ಕು ಹಿಡಿಯುವುದು. "ಓಡಿ ಸವೆದ ಗಾಡಿಗಿಂತ ನಿಂತು ಕೆಟ್ಟ ಗಾಡಿಯನ್ನೇ ನಾನು ಹೆಚ್ಚು ಕಂಡಿದ್ದೇನೆ" ಎಂದರು ಸಾಹೇಬರು.

ಅವರ ಕೈ ಸ್ವಲ್ಪ ನಡುಗುತ್ತಿದ್ದಿತು. ಸಣ್ಣ ತಿರುಪುಗಳನ್ನು ಕೂರಿಸಲಾರದೆ ನಮ್ಮ ಮಗಳನ್ನು ಕರೆದರು. ಕಾಲೇಜಿಗೆ ಹೋಗುವ ಹುಡುಗಿ ಎರಡು ತಿಂಗಳ ಭಾನುವಾರಗಳನ್ನೆಲ್ಲ ಕೊಟ್ಟಿಗೆಯಲ್ಲಿ ಕಳೆದಳು. ಮಾರ್ಚಿಯ ಒಂದು ಸಂಜೆ ಯಂತ್ರವು ನಾಲ್ಕು ಸಲ ಕೆಮ್ಮಿ, ನೀಲಿಯ ಹೊಗೆ ಕಾರಿ, ಅನಂತರ ಹದವಾಗಿ ನುಡಿಯತೊಡಗಿತು. ಸಾಹೇಬರು ಉದ್ದನೆಯ ತಿರುಪುಳಿಯ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಇಟ್ಟು ವೈದ್ಯರಂತೆ ಆಲಿಸಿ, ಅದೇ ತಿರುಪುಳಿಯನ್ನು ಹುಡುಗಿಯ ಕೈಗೆ ಕೊಟ್ಟು, "ನೀನು ಕೇಳು" ಎಂದರು. ಅವರ ಮಕ್ಕಳಲ್ಲಿ ಯಾರೂ ಈ ಕೆಲಸಕ್ಕೆ ಬಂದವರಿಲ್ಲ. ತಾಯಿಯವರು ಅಡಿಗೆಯ ಮನೆಯ ಕಿಟಕಿಯಿಂದ ನೋಡಿದರು, ಹೊರಗೆ ಬರಲಿಲ್ಲ.

ಯುಗಾದಿಯ ಮರುವಾರ ಕೂಟದವರು ನಂಜನಗೂಡಿಗೆ ಹೊರಟರು. ಮೈಸೂರಿಗೆ ಸುಮಾರು ೨೩ ಕಿಲೋಮೀಟರು. ಹಳೆಯ ಗಾಡಿಗೆ ಹಿತವಾದ ದಾರಿ. ತಾಯಿಯವರು ಪುಳಿಯೋಗರೆಯ ಡಬ್ಬಿ ಕೊಟ್ಟು, ತಾವು ಮನೆಯಲ್ಲಿಯೇ ಉಳಿದರು. ೧೭೩೫ರದೆಂದು ಹೇಳುವ ಕಲ್ಲು ಸೇತುವೆಯನ್ನು ನೋಡಿದೆವು. ಒಂದು ಕಾಲದಲ್ಲಿ ರಸ್ತೆಯ ಗಾಡಿಗಳೂ ರೈಲೂ ಅದೇ ಬೆನ್ನಿನ ಮೇಲೆ ಕಪಿಲೆಯನ್ನು ದಾಟಿದವು. ಶ್ರೀಕಂಠೇಶ್ವರನ ದರ್ಶನವಾಗಿ, ಹೊಳೆಯ ದಂಡೆಯಲ್ಲಿ ಬುತ್ತಿಗಳು ಬಿಚ್ಚಿ, ರಸಬಾಳೆಯ ಹಣ್ಣಿನೊಡನೆ ಊಟ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿದ್ದಿತು.

ಹಿಂದಿರುಗುವ ದಾರಿಯಲ್ಲಿ ನಮ್ಮ ಗಾಡಿ ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ನಾವು ನಾಚಿ, ಮುಂದಿನವರಿಗೆ ಹೋಗಿರೆಂದು ಕೈ ಬೀಸಿದೆವು. ಆದರೆ ಕೂಟದಲ್ಲಿ ಒಂದು ಕಟ್ಟಳೆ ಉಂಟು: ಒಂದು ಗಾಡಿ ನಿಂತರೆ ಎಲ್ಲ ಗಾಡಿಗಳೂ ನಿಲ್ಲತಕ್ಕದ್ದು. ಹದಿನಾಲ್ಕು ಗಾಡಿಗಳು ಹುಣಿಸೆಯ ಮರಗಳ ನೆರಳಿನಲ್ಲಿ ಸಾಲಾಗಿ ನಿಂತವು. ನೋಡಿದರೆ ಕೆಟ್ಟುದು ಏನೂ ಇಲ್ಲ. ಯಂತ್ರದ ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ, ಗುಳ್ಳೆ ಕಟ್ಟಿ, ಪಂಪು ಬರಿಯ ಗಾಳಿಯನ್ನು ಎಳೆಯುತ್ತಿದ್ದಿತು. ವೈದ್ಯೆಯವರು ತಮ್ಮ ಕೈವಸ್ತ್ರವನ್ನು ಕುಡಿಯುವ ನೀರಿನಲ್ಲಿ ನೆನೆಸಿ ಪಂಪಿಗೆ ಸುತ್ತಿದರು. "ಜ್ವರಕ್ಕೆ ತಣ್ಣೀರು ಪಟ್ಟಿ" ಎಂದು ನಕ್ಕರು. ಅರ್ಧ ಗಂಟೆ ಕಾಯಬೇಕಾಯಿತು. ಆ ಅರ್ಧ ಗಂಟೆಯಲ್ಲಿ ನಮ್ಮ ತಂದೆಯವರನ್ನು ಬಲ್ಲವರು ಇಬ್ಬರು ಸಿಕ್ಕಿದರು. ೧೯೮೦ರ ದಶಕದ ಒಂದು ಮಳೆಯ ರಾತ್ರಿ ಇದೇ ಗಾಡಿಯಲ್ಲಿ ತಮ್ಮ ತಾಯಿಯನ್ನು ಆಸ್ಪತ್ರೆಗೆ ತಲುಪಿಸಿದವರು ಅವರೇ ಎಂದು ಬೇಕರಿಯವರು ಹೇಳಿದರು. ತಂದೆಯವರು ಮನೆಯಲ್ಲಿ ಆ ಸಂಗತಿಯನ್ನು ಎಂದೂ ಆಡಿರಲಿಲ್ಲ. ರಾತ್ರಿ ನಾವು ತಾಯಿಯವರಿಗೆ ಅದನ್ನು ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆಸನ ಒದ್ದೆಯಾಗಿತ್ತು, ನಾನು ಗೊಣಗಿದ್ದೆ" ಎಂದರು.

ಆಷಾಢದ ಮಳೆಯಲ್ಲಿ ಗಾಡಿಗಳು ಹೊರಡುವುದಿಲ್ಲ. ಆಗ ಒಬ್ಬೊಬ್ಬರ ಮನೆಯಲ್ಲಿ ಕಾಫಿಯೂ ಮಾತೂ ನಡೆಯುವುದು. ಅಂತಹ ಒಂದು ಸಂಜೆ ಉಪಾಧ್ಯಾಯರು ನಮ್ಮ ಫಿಯಟ್ಟಿನ ವಂಶಾವಳಿಯನ್ನು ಹೇಳಿದರು. ಭಾರತದಲ್ಲಿಯೇ ಮೋಟಾರುಗಾಡಿಗಳು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹಿರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ನಿಲ್ಲಿಸುವ ಪ್ರಯತ್ನವೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ೧೯೪೦ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ಮೋಟಾರಿನ ಕಾರ್ಖಾನೆ ೧೯೪೪ರಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಮುಂಬಯಿಯ ಪಾಲಾಯಿತು. ಕುರ್ಲಾದಲ್ಲಿ ಫಿಯಟ್ಟುಗಳನ್ನು ಮಾಡಿದ್ದು ಆ ಕಾರ್ಖಾನೆಯೇ. ಅದೇ ಗಾಡಿ ಅನಂತರ ಪದ್ಮಿನಿಯೆಂಬ ಹೆಸರು ಹೊತ್ತು, ಮುಂಬಯಿಯ ಬಾಡಿಗೆಯ ಗಾಡಿಯಾಗಿ ೨೦೨೩ರ ಅಕ್ಟೋಬರಿನವರೆಗೆ ಬೀದಿಯಲ್ಲಿದ್ದಿತು. "ನಿಮ್ಮ ಗಾಡಿ ಮೈಸೂರಿನಲ್ಲಿ ಹುಟ್ಟಬೇಕಾಗಿದ್ದುದು, ತಡವಾಗಿ ತವರಿಗೆ ಬಂದಿದೆ" ಎಂದು ಉಪಾಧ್ಯಾಯರು ಮುಗಿಸಿದರು. ಕೊಟ್ಟಿಗೆಯಲ್ಲಿ ಇಷ್ಟು ಚರಿತ್ರೆ ನಿಂತಿದೆಯೆಂಬುದು ನಮಗೆ ತಿಳಿದಿರಲಿಲ್ಲ.

ಆಗಸ್ಟ್ ಹದಿನೈದರಂದು ಗಾಡಿಗಳು ಬಾವುಟ ಕಟ್ಟಿಕೊಂಡು ಊರೊಳಗೆ ಒಂದು ಸುತ್ತು ಬಂದವು. ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯಕ್ಕೆ ಹೋದೆವು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಗಾಡಿಗಳು ಅಲ್ಲಿ ಧೂಳಿನ ಕಣವಿಲ್ಲದೆ ಹೊಳೆಯುತ್ತ ನಿಂತಿವೆ. ಅವುಗಳನ್ನು ಅಷ್ಟು ಅಚ್ಚುಕಟ್ಟಾಗಿ ಕಾಪಾಡುವುದು ಸಾಮಾನ್ಯ ಮನೆಯವರಿಗೆ ಸಾಧ್ಯವಾದ ಮಾತಲ್ಲ. ನಮ್ಮ ಗಾಡಿಯನ್ನೂ ಇಂತಹ ಒಂದು ಕಡೆಗೆ ಕೊಟ್ಟುಬಿಡಬಾರದೇಕೆ ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡುದುಂಟು. ಮಗಳು ಮಾತ್ರ ಹಗ್ಗದಾಚೆಯ ಗಾಡಿಗಳ ಮುಂದೆ ನಿಂತು, "ಇವುಗಳ ದನಿ ಹೇಗಿದ್ದೀತು?" ಎಂದು ಕೇಳಿದಳು.

ಆಯುಧಪೂಜೆ ಬಂದಿತು. ಗಾಡಿಯನ್ನು ತೊಳೆದು, ಬಾಳೆಯ ಕಂಬ ಕಟ್ಟಿ ಸಿದ್ಧವಾಗಿಸಿದ್ದೆವು. ಕುಂಕುಮದ ಬಟ್ಟಲನ್ನು ಹಿಡಿದು ತಾಯಿಯವರೇ ಹೊರಗೆ ಬಂದರು. ಮುಂದೆ ಅರಿಸಿನ ಕುಂಕುಮವಿಟ್ಟು, ಚಕ್ರಗಳಡಿಯಲ್ಲಿ ನಿಂಬೆಹಣ್ಣು ಇರಿಸಿ, ಎಡಬದಿಯ ಬಾಗಿಲಿನ ಹಿಡಿಯನ್ನು ಸೆರಗಿನಿಂದ ಒರೆಸಿದರು. ಸಾಹೇಬರಿಗೂ ತಾಂಬೂಲ ಸಂದಿತು.

ಕಾಗದದ ಅವಧಿ ಮುಗಿಯಲು ಇನ್ನು ಎರಡೇ ತಿಂಗಳು. ಕೂಟದವರು ಕಾನೂನನ್ನು ವಿವರಿಸಿದರು. ಆಂಗ್ಲರ ರೂಢಿಯಲ್ಲಿ ವಿಂಟೇಜ್ ಎಂದರೆ ೧೯೩೦ರವರೆಗಿನ ಗಾಡಿ. ಆದರೆ ಭಾರತ ಸರ್ಕಾರದ ೨೦೨೧ರ ನಿಯಮದಂತೆ ಐವತ್ತು ವರುಷ ದಾಟಿ, ಚೌಕಟ್ಟು, ಮೈ, ಯಂತ್ರಗಳಲ್ಲಿ ದೊಡ್ಡ ಬದಲಾವಣೆಯಿಲ್ಲದ ಸ್ವಂತದ ಗಾಡಿಗಳೆಲ್ಲ ಆ ವರ್ಗಕ್ಕೆ ಸೇರಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ಹತ್ತು ವರುಷದ ಮಾತು. ಆಮೇಲಿನ ನವೀಕರಣಕ್ಕೆ ೫,೦೦೦. ಹೊಸದಾಗಿ ಸೇರುವ ಗಾಡಿಗೆ 'ವಿಎ' ಎಂಬ ಅಕ್ಷರಗಳ ಸಂಖ್ಯೆ; ಮೊದಲೇ ನೋಂದಣಿಯಾದುದು ತನ್ನ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಆದರೆ ಒಂದು ನಿರ್ಬಂಧ ಉಂಟು. ಇಂತಹ ಗಾಡಿ ದಿನಬಳಕೆಗೆ ಸಲ್ಲದು. ಪ್ರದರ್ಶನ, ಹಳೆಯ ಗಾಡಿಗಳ ಯಾತ್ರೆ, ದುರಸ್ತಿ, ಪೆಟ್ರೋಲು, ಇಷ್ಟಕ್ಕೆ ಮಾತ್ರ ರಸ್ತೆಗೆ ಬರಬೇಕು. ಎಂದರೆ, ಮುಂದೆ ಅದು ಓಡಬೇಕಾದರೆ ಕೂಟದ ಜೊತೆಯಲ್ಲಿಯೇ ಓಡಬೇಕು. ಒಂಟಿಯಾಗಿ ಇದ್ದರೆ ಅದು ಮತ್ತೆ ಕೊಟ್ಟಿಗೆಯ ಗಾಡಿ.

ಖರ್ಚಿನ ಲೆಕ್ಕವನ್ನು ತಾಯಿಯವರ ಮುಂದೆ ಇಟ್ಟೆವು. ಆ ವರುಷದ ದುರಸ್ತಿಗೆ ಹೋದ ಹಣ ಹಳೆಯ ಕಬ್ಬಿಣದವನು ಹೇಳಿದ ಬೆಲೆಗಿಂತ ಹೆಚ್ಚೇ ಆಗಿದ್ದಿತು. ಹೊಗೆಯ ವಿಷಯವಾಗಿ ಬೀದಿಯವರು ಆಡುವ ಮಾತೂ ಸುಳ್ಳಲ್ಲ. ಅದು ವರುಷಕ್ಕೆ ಕೆಲವೇ ದಿನ ಓಡುವುದೆಂಬುದಷ್ಟೇ ನಮ್ಮ ಸಮಾಧಾನ. ಎಲ್ಲವನ್ನೂ ಕೇಳಿ ತಾಯಿಯವರು, "ಮುಂದಿನ ಭಾನುವಾರ ಎಲ್ಲಿಗೆ?" ಎಂದರು.

ಅದು ಕಾರ್ತಿಕದ ಭಾನುವಾರ, ಚಾಮುಂಡಿಯ ಬೆಟ್ಟಕ್ಕೆ. ಬಿಸಿಲೇರುವ ಮುನ್ನವೇ ಹೊರಟೆವು. ತಾಯಿಯವರು ತಮ್ಮ ಹಿಂದಿನ ಜಾಗದಲ್ಲಿ, ಮುಂದೆ ಎಡಬದಿಗೆ ಕುಳಿತರು. ಮಗಳು ಗಾಡಿ ನಡೆಸಿದಳು. ಚುಕ್ಕಾಣಿಯ ಕೆಳಗಿನ ಗೇರಿನ ಹಿಡಿಯನ್ನು ಏರಿನಲ್ಲಿ ಬದಲಿಸುವಾಗ ಅವಳು ತಡವರಿಸಲು, ತಾಯಿಯವರು ದಾರಿಯಿಂದ ಕಣ್ಣು ತೆಗೆಯದೆ, "ಈ ತಿರುವಿಗೆ ಮೊದಲೇ ಎರಡಕ್ಕೆ ಹಾಕಬೇಕು; ನಿಮ್ಮ ತಾತ ಹಾಗೆ ಮಾಡುತ್ತಿದ್ದರು" ಎಂದರು. ಗಾಡಿ ಮುಗ್ಗರಿಸದೆ ಹತ್ತಿತು. ನೋಟದ ಕಟ್ಟೆಯ ಬಳಿ ಎಲ್ಲರೂ ನಿಂತು ಕೆಳಗೆ ಹರಡಿದ ಮೈಸೂರನ್ನು ನೋಡಿದರು. ಬೇಕರಿಯವರು ಬಂದು ತಾಯಿಯವರಿಗೆ ನಮಸ್ಕರಿಸಿದರು. ಅವರಿಬ್ಬರೂ ಬಹಳ ಹೊತ್ತು ಮಾತನಾಡಿದರು. ಏನೆಂದು ನಾವು ಕೇಳಲಿಲ್ಲ.

ಡಿಸೆಂಬರಿನಲ್ಲಿ ಅರ್ಜಿ ಹಾಕಿದೆವು. 'ಎಂವೈ' ಎಂದು ಮೊದಲಾಗುವ ಮೈಸೂರು ರಾಜ್ಯದ ಆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಡಬೇಕೆಂದು ಬರೆದೆವು. ೨೦೨೫ರ ಸಂಕ್ರಾಂತಿಯ ಕೂಟಕ್ಕೆ ಎಳ್ಳು ಬೆಲ್ಲವನ್ನು ನಮ್ಮ ತಾಯಿಯವರೇ ಹಂಚಿದರು.

ವಾಚಕರಲ್ಲಿ ಯಾರ ಮನೆಯ ಕೊಟ್ಟಿಗೆಯಲ್ಲಾದರೂ ಇಂತಹ ಗಾಡಿ ನಿಂತಿದ್ದರೆ ನಮ್ಮ ಬಿನ್ನಹವಿಷ್ಟೆ. ಮಾರುವುದಾದರೆ ಮಾರಿರಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಮುನ್ನ ಅದರ ಬಾಗಿಲನ್ನೊಮ್ಮೆ ತೆರೆದು, ಊರಿನಲ್ಲಿ ಅದರ ಜೊತೆಯವರು ಯಾರಿದ್ದಾರೆಂದು ಕೇಳಿ ನೋಡಿರಿ. ಕಿಡಿಕಡ್ಡಿ ಕಳಚಿ ಎಣ್ಣೆ ಬಿಡದೆ ಕೀಲಿಯನ್ನು ಮಾತ್ರ ತಿರುಗಿಸಬೇಡಿರಿ.