ಕೋಳಿ ಫೀಡು, ಇಲಿ ಹಿಕ್ಕೆ, ನನ್ನ ಬಾಯಿ

ಈ ಸಲ ಬೆಳೆ ಬಗ್ಗೆ ಅಲ್ಲ, ಕೋಳಿ ಆಹಾರದ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

80 ಗಿರಿರಾಜ ಮರಿ ತಂದಿದ್ದೆ. ಮೂರನೇ ವಾರಕ್ಕೆ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು, ಭೇದಿ ಶುರುವಾಯ್ತು. ನಾಲ್ಕು ದಿನದಲ್ಲಿ 23 ಸತ್ತವು. ನಾನು ನೇರ ಫೀಡ್ ಅಂಗಡಿಗೆ ಹೋಗಿ, ಕೆಟ್ಟ ಮಾಲು ಕೊಟ್ಟಿದ್ದೀಯ ಅಂತ ನಾಲ್ಕು ಜನರ ಮುಂದೆ ಬಾಯಿಗೆ ಬಂದಂಗೆ ಬೈದೆ. ಆ ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಪಶು ಡಾಕ್ಟರು, "ಬೈಯೋದು ಆಮೇಲೆ, ಮೊದಲು ಪರೀಕ್ಷೆ ಮಾಡ್ಸೋಣ" ಅಂದ್ರು. ಸತ್ತ ಮರಿ ಜೊತೆಗೆ ಎರಡು ಸ್ಯಾಂಪಲ್ ಕೊಟ್ಟೆ. ಒಂದು ಅಂಗಡಿಯ ಬಿಚ್ಚದ ಚೀಲದ್ದು. ಇನ್ನೊಂದು, ನಾನೇ ಮೆಕ್ಕೆಜೋಳ, ಸೋಯಾ ಹಿಂಡಿ, ಒಣಮೀನಿನ ಪುಡಿ ಬೆರೆಸಿಟ್ಟಿದ್ದ ಡ್ರಮ್ಮಿಂದು. ರೋಗಾಣು ಎಲ್ಲಾ ಕಡೆ ಸಮನಾಗಿ ಇರಲ್ಲವಂತೆ. ಅದಕ್ಕೆ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಹೊಸ ಕವರಿಗೆ ಹಾಕಿದ್ವಿ.

ಹುಡುಕಿದ್ದು ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ಹಳೇ ವಿಧಾನ ನಮ್ಮ ಬೀಜದ ಮೊಳಕೆ ಪರೀಕ್ಷೆ ಥರ, ಬೆಳೆಸಿ ನೋಡಬೇಕು. ನಾಲ್ಕೈದು ದಿನ ಬೇಕು. ಪಿಸಿಆರ್ ಅಂದ್ರೆ ಕೊರೊನಾ ಟೈಮಲ್ಲಿ ಕೇಳಿದ್ವಲ್ಲ, ಅದೇ ಜಾತಿ ಪರೀಕ್ಷೆ. 25 ಗ್ರಾಂ ಆಹಾರವನ್ನ ಪೋಷಕ ದ್ರವದಲ್ಲಿ ಒಂದು ರಾತ್ರಿ ಬೆಚ್ಚಗಿಡ್ತಾರೆ. ಆಮೇಲೆ ಆ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನ ಮಿಷನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ ಮಾಡ್ತಾ ಹೋಗುತ್ತೆ. 30 ಸುತ್ತಿಗೆ ಲೆಕ್ಕದ ಪ್ರಕಾರ ಒಂದು ತುಣುಕು ನೂರು ಕೋಟಿ ದಾಟುತ್ತೆ. ಇದ್ರೆ ಅಡಗಿಕೊಳ್ಳೋದು ಕಷ್ಟ.

ಮಾರನೇ ದಿನ ಸಂಜೆ ಫೋನ್ ಬಂತು. ಅಂಗಡಿ ಚೀಲದಲ್ಲಿ ಇಲ್ಲ. ನನ್ನ ಡ್ರಮ್ಮಿನಲ್ಲಿ ಇದೆ, ಮರಿಯಲ್ಲೂ ಇದೆ.

ಮುಚ್ಚಳ ಸರಿಯಾಗಿ ಕೂರ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಇಲಿ ಹಿಕ್ಕೆ. ಒಣಮೀನಿನ ಚೀಲವೂ ನೆಲದ ಮೇಲೇ ಇತ್ತು. ಯಾವುದರಿಂದ ಬಂತೋ ಹೇಳೋಕಾಗಲ್ಲ, ಎರಡೂ ನನ್ನ ಅಸಡ್ಡೆಯೇ.

ಆಗ ನೆನಪಾಯ್ತು. ಹಿಂದಿನ ಬೀದಿ ತಂಗಮ್ಮ ಅದೇ ಮಿಶ್ರಣ 10 ಕೆಜಿ ಒಯ್ದಿದ್ದಳು. ಅವಳ ಕೋಳಿ ಮೊಟ್ಟೆ ಮೊಮ್ಮಕ್ಕಳು ತಿಂತಾವೆ. ರಾತ್ರಿಯೇ ಹೋಗಿ ಬಾಗಿಲು ತಟ್ಟಿದೆ. "ಅಣ್ಣ, ಬೆಳಿಗ್ಗೆ ಹೇಳಿದ್ರೆ ಆಗ್ತಿರಲಿಲ್ವಾ?" ಅಂದಳು. ಬೆಳಿಗ್ಗೆ ಆರಕ್ಕೇ ಕೋಳಿಗೆ ಹಾಕ್ತೀಯಲ್ಲಮ್ಮ ಅಂದೆ. ಅರ್ಧ ಚೀಲ ಉಳಿದಿತ್ತು. ನಾಲ್ಕೈದು ದಿನ ಕಾದಿದ್ರೆ ಅದೂ ಖಾಲಿಯಾಗ್ತಿತ್ತು. ಇದ್ದ ಮೊಟ್ಟೆಗಳನ್ನ ಎಸೆದಳು. ಎರಡೂ ಕಡೆಯ ಮಿಶ್ರಣವನ್ನ ಆಳಕ್ಕೆ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆ.

ಒಂದು ಮಾತು. ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ತೋರಿಸಬಹುದು, ಅದಕ್ಕೆ ಲ್ಯಾಬಿನವರು ಬೆಳೆಸಿಯೂ ನೋಡಿದ್ರು. ಐದನೇ ದಿನ ಅದೇ ಉತ್ತರ ಬಂತು. ಫೀಡ್ ನೋಡೋಕೆ ಚೆನ್ನಾಗಿತ್ತು, ವಾಸನೆಯೂ ಇರಲಿಲ್ಲ. ಕಣ್ಣು ಮೂಗು ನಂಬಬೇಡಿ.

ಈಗ ಚೀಲಗಳು ಹಲಗೆ ಮೇಲೆ, ಗೋಡೆಯಿಂದ ದೂರ. ಬಿಗಿ ಮುಚ್ಚಳದ ಡ್ರಮ್ಮು. ವಾರಕ್ಕಾಗುವಷ್ಟು ಮಾತ್ರ ಬೆರೆಸ್ತೀನಿ. ಮೊಟ್ಟೆ ಚೆನ್ನಾಗಿ ಬೇಯಿಸಿಯೇ ತಿನ್ನೋದು.

ಅಂಗಡಿ ಹುಡುಗನ ಹತ್ರ ಹೋಗಿ, ತಪ್ಪು ನಂದೇ ಅಂದೆ, ಸಂತೆ ದಿನವೇ, ಜನ ಇರೋವಾಗಲೇ. ಬೈದಿದ್ದೂ ಜನರ ಮುಂದೆ ತಾನೇ. ಅವನು ಟೀ ತರಿಸಿದ.