ರೇಡಿಯೋ ಗುಂಡಿಗೆ ತಾಮ್ರದ ಅಂಗಿ

ಅಪ್ಪನ ಕಾಲದ ರೇಡಿಯೋ ಹೊಸಪೇಟೆಯ ನಮ್ಮ ಮನೆಯಲ್ಲಿ ಇನ್ನೂ ಹಾಡುತ್ತದೆ. ಅದರ ಎರಡು ಗುಂಡಿಗಳ ಹೊಳಪು ಮಾತ್ರ ಎಂದೋ ಸಿಪ್ಪೆ ಎದ್ದು, ಒಳಗಿನ ಮಾಸಲು ಪ್ಲಾಸ್ಟಿಕ್ಕು ಕಾಣುತ್ತಿತ್ತು. ಬೆಳ್ಳಿ ಬಣ್ಣದ ಸ್ಪ್ರೇ ತಂದು ಹೊಡೆದೆ. ಎರಡೇ ತಿಂಗಳಿಗೆ ಬೆರಳಿನ ಬೆವರು ಅದನ್ನೂ ತಿಂದುಹಾಕಿತು. ಬಣ್ಣದ ಸಹವಾಸ ಸಾಕು, ನಿಜವಾದ ಲೋಹವನ್ನೇ ಕೂರಿಸೋಣ ಎಂದು ಅವತ್ತು ಹಿಡಿದ ಕೆಲಸವನ್ನು ಇವತ್ತಿಗೂ ಬಿಟ್ಟಿಲ್ಲ.

ಲೋಹ ಕೂರಿಸುವುದು ಕರೆಂಟಿನಿಂದ. ಆದರೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ, ಲೋಹ ಅದರ ನುಣುಪು ಮೈಗೆ ಅಂಟುವುದೂ ಇಲ್ಲ. ಕಾರ್ಖಾನೆಗಳಲ್ಲಿ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನು ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಅದರೊಳಗಿನ ರಬ್ಬರಿನಂಥ ಕಣಗಳು ಕರಗಿ, ಮೈತುಂಬ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಲೋಹ ಬೇರು ಬಿಡುವುದು ಆ ಗುಳಿಗಳಲ್ಲಿ. ವಿದ್ಯೆ ಜಾಣತನದ್ದೇ, ಆದರೆ ಅಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು. ಯೂರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರಿಂದ ವಿಶೇಷ ಅನುಮತಿ ಇಲ್ಲದೆ ಆ ಕ್ರೋಮಿಕ್ ಆಮ್ಲದ ಮೂಲವಾದ ಕ್ರೋಮಿಯಂ ಟ್ರೈಆಕ್ಸೈಡನ್ನು ಬಳಸುವಂತಿಲ್ಲ. ಅಂಥದ್ದನ್ನು ಮನೆಯ ಹಿತ್ತಲಿಗೆ ತರುವ ಮಾತೇ ಇಲ್ಲ.

ನನ್ನ ಹಿತ್ತಲಿನಲ್ಲಿ ಆಮ್ಲದ ಕೆಲಸವನ್ನು ಕೈ ಮಾಡುತ್ತದೆ. ಗುಂಡಿಯನ್ನು ಸೋಪಿನ ನೀರಿನಲ್ಲಿ ತೊಳೆದು ಎಣ್ಣೆಜಿಡ್ಡು ತೆಗೆಯುತ್ತೇನೆ. ಆಮೇಲೆ 400ರ ವಾಟರ್ ಪೇಪರ್, ಅದರ ಹಿಂದೆ 800ರದ್ದು, ನೀರು ಹಾಕಿಕೊಂಡು ತಿಕ್ಕುವುದು. ಒಂದು ಗುಂಡಿಗೆ ಅರ್ಧ ಗಂಟೆ. ಹೊಳಪು ಪೂರ್ತಿ ಸತ್ತು ಮೈ ಹಾಲಿನ ಕೆನೆಯಂತೆ ಮಂಕಾಗಬೇಕು. ಎಲ್ಲಾದರೂ ಒಂದು ಎಳ್ಳಿನಷ್ಟು ಜಾಗ ಮಿಂಚುತ್ತಿದ್ದರೆ ಮುಂದೊಂದು ದಿನ ತಾಮ್ರ ಏಳುವುದು ಅಲ್ಲಿಂದಲೇ. ನಂತರ ಪೆನ್ಸಿಲ್ಲಿನ ಕಪ್ಪು, ಅಂದರೆ ಗ್ರಾಫೈಟ್ ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿ ತೆಳ್ಳಗೆ ಮೂರು ಕೈ ಬಳಿಯಬೇಕು. ಒಣಗಿದ ಮೇಲೆ ಹತ್ತಿ ಬಟ್ಟೆಯಿಂದ ಉಜ್ಜಿದರೆ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಮಿರುಗುತ್ತದೆ. ಈಗ ಅದರಲ್ಲಿ ಕರೆಂಟು ಹರಿಯುತ್ತದೆ.

ಹೀಗೆ ಉಜ್ಜುವಾಗೆಲ್ಲ ಕೊಪ್ಪಳದ ಹತ್ತಿರದ ಕಿನ್ನಾಳ ನೆನಪಾಗುತ್ತದೆ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು ಬೆರೆಸಿದ ಕಿಟ್ಟ ಮೆತ್ತಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಅದರ ಮೇಲೆ ತವರವನ್ನು ಅರೆದು ಅಂಟಿನಲ್ಲಿ ಕಲಸಿ ಹಚ್ಚುತ್ತಾರೆ. ನುಣುಪು ಕಲ್ಲಿನಿಂದ ತಿಕ್ಕಿದರೆ ತವರ ಬೆಳ್ಳಿಯಾಗುತ್ತದೆ. ಮೇಲೆ ಹಳದಿ ವಾರ್ನಿಶ್ ಎಳೆದರೆ ಚಿನ್ನ. ಲಾಜವರ ಎಂದು ಅದರ ಹೆಸರು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಬರೆದದ್ದು ತಮ್ಮ ಹಿರಿಯರೇ ಎಂಬುದು ಆ ಮನೆತನಗಳ ನಂಬಿಕೆ. ಲೋಹವಲ್ಲದ್ದಕ್ಕೆ ಲೋಹದ ಮೈ ಕೊಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ತಳ ಗಟ್ಟಿಯಾಗುವವರೆಗೆ ಹೊಳಪಿನ ಯೋಚನೆ ಮಾಡದ ಅವರ ತಾಳ್ಮೆಯೇ ನನಗೆ ಪಾಠ.

ನನ್ನ ತೊಟ್ಟಿ ಒಂದು ಗಾಜಿನ ಭರಣಿ. ರೈತರಿಗೆ ಗೊತ್ತಿರುವ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಸ್ವಲ್ಪ ವಿನೆಗರ್ ಸೇರಿಸಿರುತ್ತೇನೆ. ಪಾಸಿಟಿವ್ ಕಡೆಗೆ ಹಳೆಯ ವೈರಿಂಗಿನಿಂದ ಬಿಚ್ಚಿದ ತಾಮ್ರದ ತಂತಿಯ ಸುರುಳಿ, ನೆಗೆಟಿವ್ ಕಡೆಗೆ ಗುಂಡಿ. ತಂತಿಯ ಬದಲು ಸ್ಟೀಲ್ ಚಮಚ ಇಳಿಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಯಾವ ಕ್ರೋಮಿಯಂ ಬೇಡವೆಂದು ಇಷ್ಟೆಲ್ಲ ಮಾಡುತ್ತೇವೆಯೋ ಅದು ಆ ಚಮಚದಿಂದಲೇ ನೀರಿಗೆ ಇಳಿಯಬಹುದು.

ಕರೆಂಟು ಕೊಟ್ಟ ಮೇಲಿನ ಮೊದಲ ಅರ್ಧ ಗಂಟೆ ನಾನು ಭರಣಿಯ ಮುಂದಿನಿಂದ ಏಳುವುದಿಲ್ಲ. ಗುಂಡಿಗೆ ನೆಗೆಟಿವ್ ತಂತಿ ತಾಗಿದ ಕಡೆ ಮೊದಲು ಒಂದು ಕೆಂಪು ಚುಕ್ಕೆ. ಅದು ಅಂಚಿನಿಂದ ಅಂಚಿಗೆ ಹರಡುತ್ತದೆ, ಕಾಲುವೆಗೆ ನೀರು ಬಿಟ್ಟಾಗ ಕಂಪ್ಲಿಯ ಗದ್ದೆಗಳಲ್ಲಿ ಮಡಿಯಿಂದ ಮಡಿಗೆ ನೀರು ಏರುವ ಹಾಗೆ. ಬೂದು ಗುಂಡಿ ಮುಳುಗಿ, ಹುಣಸೆಹಣ್ಣಿನಿಂದ ಬೆಳಗಿದ ಕೊಡದ ಬಣ್ಣ ಮೇಲೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳೆಯದಾಗಿಲ್ಲ.

ಅವಸರ ಮಾಡಿ ಕರೆಂಟು ಏರಿಸಿದರೆ ತಾಮ್ರ ಸುಟ್ಟಂತಾಗಿ ಪುಡಿಪುಡಿಯಾಗಿ ಕೂರುತ್ತದೆ. 0.1 ಆಂಪಿಯರ್‌ನಲ್ಲಿ 8 ಗಂಟೆ ಬಿಟ್ಟರೆ ಲೆಕ್ಕದ ಪ್ರಕಾರ ಸುಮಾರು 0.95 ಗ್ರಾಂ ತಾಮ್ರ ಬರಬೇಕು. 20 ಚದರ ಸೆಂಟಿಮೀಟರ್ ಮೈಯಿರುವ ಗುಂಡಿಗೆ ಅದು 50 ಮೈಕ್ರಾನಿಗಿಂತ ತುಸು ಹೆಚ್ಚು ದಪ್ಪ. ಈ ದಪ್ಪ ಬೇಕೇ ಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ಕು ತಾಮ್ರಕ್ಕಿಂತ ನಾಲ್ಕೈದು ಪಟ್ಟು ಹಿಗ್ಗುತ್ತದೆ. ತಾಮ್ರ ಮೆದು, ಆ ಎಳೆತಕ್ಕೆ ಬಗ್ಗಿಕೊಡುತ್ತದೆ. ಕಾರ್ಖಾನೆಯವರೂ ಮೇಲಿನ ನಿಕ್ಕಲ್ ಪದರದ ಕೆಳಗೆ ತಾಮ್ರ ಹಾಕುವುದಕ್ಕೆ ಅದೊಂದು ಕಾರಣ.

ಒಮ್ಮೆ ಸಂಡೂರಿನ ಗೆಳೆಯನ ಮನೆಯಲ್ಲಿ ಒಂದು ತುಣುಕಿಗೆ ಗ್ರಾಫೈಟ್ ಬಳಿದು ಜಗಲಿಯಲ್ಲಿ ಒಣಗಲು ಇಟ್ಟಿದ್ದೆ. ಅದಿರಿನ ಕೆಂಧೂಳು ಹಸಿ ಬಣ್ಣದ ಮೇಲೆ ಕೂತಿತ್ತು, ನಾನು ಗಮನಿಸಲಿಲ್ಲ. ಮರುದಿನ ತಾಮ್ರದ ಮೇಲೆಲ್ಲ ಬೆವರುಸಾಲೆಯಂಥ ಗುಳ್ಳೆ. ಅಂದಿನಿಂದ ಒಣಗಿಸುವುದು ಮುಚ್ಚಿದ ಡಬ್ಬಿಯೊಳಗೆ.

ಕಂಪ್ಲಿಯಿಂದ ಬಂದಿದ್ದ ಅಕ್ಕ ಒಂದು ದಿನ ಭರಣಿ ಎತ್ತಿ ನೋಡಿ ಕೇಳಿದಳು: “ಈ ನೀಲಿ ನೀರನ್ನ ಆಮೇಲೆ ಎಲ್ಲಿ ಚೆಲ್ತೀಯೋ? ಕೆಳಗಡೆ ನಾವು ಕುಡಿಯೋದು ಇದೇ ಹೊಳೆ ನೀರು.” ಅಣೆಕಟ್ಟು ದಾಟಿದ ತುಂಗಭದ್ರೆ ಹಂಪಿಯ ಬಂಡೆಗಳನ್ನು ಬಳಸಿ ಹೋಗುವುದು ಅಕ್ಕನ ಊರಿಗೇ. ಕ್ರೋಮಿಯಂ ಬಿಟ್ಟೆನೆಂದು ನೆಮ್ಮದಿಯಾಗಿದ್ದೆ, ಮೈಲುತುತ್ತವೂ ಮೀನಿಗೆ ವಿಷ ಎಂಬುದರ ಕಡೆಗೆ ಮನಸ್ಸು ಹೋಗಿರಲಿಲ್ಲ.

ಈಗ ದ್ರಾವಣವನ್ನು ಸೋಸಿ ಸೋಸಿ ಮತ್ತೆ ಬಳಸುತ್ತೇನೆ. ಕೆಟ್ಟರೆ ತುಕ್ಕು ತಿಕ್ಕಿದ ಕಬ್ಬಿಣದ ಮೊಳೆಗಳನ್ನು ಹಾಕಿಡುತ್ತೇನೆ. ಕಬ್ಬಿಣ ಕರಗುತ್ತ ತಾಮ್ರ ಮೊಳೆಗಳ ಮೇಲೆ ಬಂದು ಕೂರುತ್ತದೆ, ನೀಲಿ ಹೋಗಿ ತಿಳಿಹಸಿರು ಉಳಿಯುತ್ತದೆ. ಸುಣ್ಣ ಹಾಕಿ ತಂಗಲು ಬಿಟ್ಟು, ತಳದ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ಗುಂಡಿಗಳು ಕೂತು ಆರು ವರ್ಷವಾಯಿತು. ಜೇನುಮೇಣ ತಿಕ್ಕಿರುವುದರಿಂದ ಹಸಿರು ಹಿಡಿದಿಲ್ಲ, ಬೆರಳು ಆಡುವ ಕಡೆ ಇನ್ನೂ ಹೊಳಪು ಏರಿದೆ. ನೀವೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಕೈಗವಸು ತೊಡಿ, ಮಕ್ಕಳ ಕೈಗೆ ಭರಣಿ ಸಿಗದಂತೆ ಇಡಿ, ಒಂದು ಹನಿಯನ್ನೂ ಮೋರಿಗೆ ಬಿಡಬೇಡಿ.