ಪರದೇಶಿಯ ಬೆಲೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಅನ್ಯದೇಶದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಮತ್ತೊಂದು. ತನ್ನವರಿಲ್ಲದ ಊರಿನಲ್ಲಿ ನಿಂತವನ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲವೆಂಬ ಲೋಕಾನುಭವದಿಂದಲೇ ಮೊದಲಿನ ಅರ್ಥವು ಎರಡನೆಯದಕ್ಕೆ ಹರಿದಿರಬೇಕು. ಇಂತಹವನಿಂದ ಊರಿನವನಿಗಿಂತ ಹೆಚ್ಚು ಹಣವನ್ನು ತೆಗೆದುಕೊಳ್ಳುವುದು ಧರ್ಮವೇ ಎಂಬ ಪ್ರಶ್ನೆಯು ಸತ್ತೇಗಾಲದಂತಹ ಊರಿಗೆ ದೂರದ್ದಲ್ಲ. ಕಾವೇರಿಯು ಭರಚುಕ್ಕಿಯಲ್ಲಿ ಧುಮುಕುವುದನ್ನು ನೋಡಲು ಬರುವವರು ಈ ಊರಿನ ಕೈಮರದ ಬಳಿಯಲ್ಲಿ ಹಾಯುತ್ತಾರೆ. ಅವರಲ್ಲಿ ಬೆಂಗಳೂರಿನವರುಂಟು, ತಮಿಳರುಂಟು, ಒಮ್ಮೊಮ್ಮೆ ಸಮುದ್ರದಾಚೆಯ ಬಿಳಿಯರೂ ಉಂಟು.

ಬೆಲೆಯ ಭೇದದಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳದಿದ್ದರೆ ವಿಚಾರವು ಗೊಂದಲಕ್ಕೀಡಾಗುವುದು. ಹಲಗೆಯ ಮೇಲೆ ಬರೆದಿರುವ ಭೇದವು ಒಂದು ಬಗೆ. ಮಾರುವವನ ನಾಲಗೆಯ ಮೇಲಿರುವ ಭೇದವು ಇನ್ನೊಂದು.

ಮೊದಲನೆಯದಕ್ಕೆ ನಿದರ್ಶನವು ಸಮೀಪದಲ್ಲಿಯೇ ಇದೆ. ಹೊಯ್ಸಳರ ಕಾಲದ ಸೋಮನಾಥಪುರದ ಕೇಶವ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಭಾರತೀಯ ಪುರಾತತ್ತ್ವ ಇಲಾಖೆಯು 2018ರಲ್ಲಿ ಗೊತ್ತುಪಡಿಸಿದ ದರದಂತೆ, ಎರಡನೆಯ ವರ್ಗದ ಸ್ಮಾರಕಗಳಲ್ಲಿ ಭಾರತೀಯನಿಗೆ 25 ರೂಪಾಯಿ, ವಿದೇಶೀಯನಿಗೆ 300 ರೂಪಾಯಿ. ಹಂಪೆಯೇ ಮೊದಲಾದ ಮೊದಲನೆಯ ವರ್ಗದಲ್ಲಿ ಕ್ರಮವಾಗಿ 40 ಮತ್ತು 600. ಒಂದೆಡೆ ಹನ್ನೆರಡು ಪಾಲು, ಮತ್ತೊಂದೆಡೆ ಹದಿನೈದು ಪಾಲು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮಾತ್ರ, ಅವರು ಯಾವ ದೇಶದವರಾದರೂ, ಹಣವಿಲ್ಲ.

ಈ ಭೇದಕ್ಕೆ ಸಮರ್ಥನೆ ಇಲ್ಲದಿಲ್ಲ. ಗುಡಿಯನ್ನು ಕಾಪಾಡುವ ವೆಚ್ಚಕ್ಕೆ ಈ ದೇಶದ ಬಡವನು ಬೆಂಕಿಪೆಟ್ಟಿಗೆಯನ್ನು ಕೊಳ್ಳುವಾಗಲೂ ಏನಾದರೊಂದು ತೆರಿಗೆಯನ್ನು ತೆತ್ತಿರುತ್ತಾನೆ. ಅವನ ಪಿತ್ರಾರ್ಜಿತವನ್ನು ನೋಡಲು ಅವನಿಗೇ 300 ರೂಪಾಯಿ ಕೇಳಿದರೆ ಅವನು ಬಾಗಿಲಿನಿಂದಲೇ ಹಿಂದಿರುಗುವನು. ಆದರೆ ಈ ಸಮರ್ಥನೆಯು ತೆರಿಗೆಯನ್ನು ಆಧಾರವಾಗಿ ಹಿಡಿಯುವುದೇ ಹೊರತು ಚರ್ಮದ ಬಣ್ಣವನ್ನಾಗಲಿ ಹುಟ್ಟಿದ ಊರನ್ನಾಗಲಿ ಅಲ್ಲ. ಇಲ್ಲಿಯೇ ನೆಲಸಿ, ಇಲ್ಲಿಯೇ ದುಡಿದು, ಇಲ್ಲಿಯೇ ತೆರಿಗೆ ಕಟ್ಟುವ ಅನ್ಯದೇಶೀಯನನ್ನು ವಾರದ ಮಟ್ಟಿಗೆ ಬಂದ ಯಾತ್ರಿಕನೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಆ ನ್ಯಾಯವು ಅಲ್ಲಿಯೇ ಮುರಿಯುತ್ತದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟ್ಟಿನವರು ನೆಲಸಿದ್ದಾರೆ. ಅಲ್ಲಿ ಹುಟ್ಟಿ, ಅಲ್ಲಿಯ ಮಳೆಯನ್ನು ನಂಬಿ ಜೋಳ ಬಿತ್ತಿದವರ ಮಕ್ಕಳನ್ನು ಸಂತೆಯಲ್ಲಿ ಹೊರಗಿನವರೆಂದು ಎಣಿಸುವುದಕ್ಕೆ ಯಾವ ಕಾರಣವನ್ನು ಹೇಳಬಹುದು?

ಸರಕಾರವೂ ಈ ಗೆರೆಯನ್ನು ಅಲ್ಲಲ್ಲಿ ಸಡಲಿಸಿದೆ. ನೆರೆಯ ಸಾರ್ಕ್ ಮತ್ತು ಬಿಮ್‌ಸ್ಟೆಕ್ ರಾಷ್ಟ್ರಗಳವರಿಗೆ ಸ್ಮಾರಕಗಳಲ್ಲಿ ಭಾರತೀಯರ ದರವೇ ಅನ್ವಯಿಸುತ್ತದೆ. ಬೇರೆ ದೇಶದ ಪೌರತ್ವವನ್ನು ಪಡೆದ ಭಾರತೀಯ ಮೂಲದವರಿಗೂ, ಅವರು ಸಾಗರೋತ್ತರ ಭಾರತೀಯರೆಂಬ ಚೀಟಿಯನ್ನು ಪಡೆದಿದ್ದರೆ, 2021ರ ಮಾರ್ಚಿಯ ಪ್ರಕಟಣೆಯಂತೆ ಸ್ಮಾರಕ, ವಸ್ತುಸಂಗ್ರಹಾಲಯ, ಅಭಯಾರಣ್ಯಗಳಲ್ಲಿ ಸಮಾನ ದರ. ತಾತನ ಊರಿಗೆ ಬಂದ ಮೊಮ್ಮಗನು ತಾತನ ಗುಡಿಯ ಮುಂದೆ ಪರದೇಶಿಯಾಗದಂತೆ ಆ ಚೀಟಿಯು ಕಾಯುತ್ತದೆ. ಅದಿಲ್ಲದವನನ್ನು ಕನ್ನಡ ನುಡಿಯೊಂದೇ ಕಾಯಲಾರದು.

ನಮ್ಮವರು ಹೊರಗೆ ಹೋದಾಗಲೂ ಇದೇ ತಕ್ಕಡಿ. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲಿ 1967ರಿಂದ ಸ್ವದೇಶೀಯ ವಿದ್ಯಾರ್ಥಿಗೂ ಪರದೇಶೀಯ ವಿದ್ಯಾರ್ಥಿಗೂ ಶುಲ್ಕವು ಬೇರೆಬೇರೆಯಾಯಿತು. ಹೊಲವನ್ನು ಅಡವಿಟ್ಟು ಮಗನನ್ನು ಅಲ್ಲಿಗೆ ಕಳುಹಿಸುವ ತಂದೆಗೆ ಈ ಭೇದದ ಭಾರವನ್ನು ಯಾರೂ ಬೋಧಿಸಬೇಕಾಗಿಲ್ಲ.

ಇನ್ನು ಎರಡನೆಯ ಬಗೆ. ಕಟ್ಟಿದ ಪೊಟ್ಟಣದ ಮೇಲೆ ಗರಿಷ್ಠ ಬೆಲೆಯನ್ನು ಅಚ್ಚು ಹಾಕಿರಬೇಕೆಂದೂ, ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂದೂ ಕಾನೂನುಂಟು. ನೀರಿನ ಸೀಸೆಯು ಮಾತು ಬಾರದವನನ್ನೂ ಹೀಗೆ ರಕ್ಷಿಸುತ್ತದೆ. ಎಳನೀರಿಗೆ ಆ ಅಚ್ಚಿಲ್ಲ. ಬಾಡಿಗೆಯ ಬಂಡಿಗೂ ತೆಪ್ಪದವನ ಬಾಯಿಮಾತಿಗೂ ಇಲ್ಲ. ಅಲ್ಲಿ ಗಿರಾಕಿಯ ಮುಖವನ್ನು ನೋಡಿ ಬೆಲೆ ಹುಟ್ಟುತ್ತದೆ. “ಅವರಿಗೆ ಇದೇನು ಮಹಾ” ಎಂಬುದು ಮಾರುವವನ ಸಮಾಧಾನ. ಹಲಗೆಯ ಮೇಲಿನ ಭೇದವನ್ನು ಒಪ್ಪದವನು ವಾದಿಸಬಹುದು, ಇಲ್ಲವೆ ಹಿಂದಿರುಗಬಹುದು. ನಾಲಗೆಯ ಭೇದವು ಅವನ ಅಜ್ಞಾನದಿಂದಲೇ ಜೀವಿಸುತ್ತದೆ. ಆದಕಾರಣ ಒಂದು ನೀತಿಯಾಗಬಲ್ಲದು. ಮತ್ತೊಂದು ಎಂದೆಂದಿಗೂ ಮೋಸವೇ.

ಪ್ರಾಚೀನರು ಈ ವಿಷಯವನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವು ವಿಹಿತವಾಗಿದೆ. ಭೇದವಿರುವುದು ಸರಕಿನಲ್ಲಿ, ಕೊಳ್ಳುವವನಲ್ಲಲ್ಲ. ದೂರದಿಂದ ತಂದವನ ಶ್ರಮಕ್ಕೆ ಅದು ಸಲ್ಲುವ ಬೆಲೆ. ಪ್ರಜೆಗಳಿಗೆ ಪೀಡೆಯಾಗುವಂತಹ ದೊಡ್ಡ ಲಾಭವನ್ನು ಅರಸನೂ ಬಿಡಬೇಕೆಂದು ಅದೇ ಗ್ರಂಥವು ವಿಧಿಸುತ್ತದೆ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪನಿಷದ್ವಾಕ್ಯವನ್ನು ಗೋಡೆಗಳ ಮೇಲೆ ಬರೆಸುವವರು ಇಷ್ಟನ್ನಾದರೂ ನೆನೆಯಬಹುದು.

ಕೊಳ್ಳೇಗಾಲದ ಸೀಮೆಯವರಿಗೆ ಈ ಮಾತು ಬೇಗನೆ ತಿಳಿಯಬೇಕು. 1956ರ ನವೆಂಬರಿನವರೆಗೆ ಈ ತಾಲ್ಲೂಕು ಕೊಯಮತ್ತೂರು ಜಿಲ್ಲೆಯದಾಗಿತ್ತು. ಹೊಳೆಯ ಆಚೆಯ ಮಳವಳ್ಳಿಯು ಮೈಸೂರಿನದು. ನಡುವೆ ಹರಿಯುತ್ತಿದ್ದುದು ಒಂದೇ ಕಾವೇರಿ, ಎರಡು ದಡದ ಮಾತೂ ಕನ್ನಡವೇ. ಆದರೂ ಹೊಳೆ ದಾಟಿದವನು ಬೇರೆ ಸೀಮೆಯವನಾಗುತ್ತಿದ್ದನು. ಪರದೇಶವೆಂಬುದು ಎಷ್ಟು ಹತ್ತಿರದಲ್ಲಿ ಆರಂಭವಾಗಬಲ್ಲದೆಂಬುದನ್ನು ಕಂಡ ಜನರು, ಬಂದವನಿಗೆ ಎಳನೀರು ಕೊಚ್ಚಿ ಕೊಡುವಾಗ ಊರಿನವನಿಗೆ ಹೇಳುವ ಬೆಲೆಯನ್ನೇ ಹೇಳಿದರೆ, ಆ ದಿನದ ಲಾಭವು ಹತ್ತಿಪ್ಪತ್ತು ರೂಪಾಯಿಗಳಷ್ಟು ಕಡಮೆಯಾದೀತು; ಊರಿನ ಹೆಸರು ಮಾತ್ರ ಕಡಮೆಯಾಗದು.